ಸರಿಯಾದ ಲೆನ್ಸ್ ಬರಲಿ ವಾಸಣ್ಣ

ನನ್ನ ಹತ್ತಿರ ಒಂದು ಕ್ಯಾಮೆರಾ ಇದೆ. ಅದನ್ನು ಇಡುವುದಕ್ಕೆ ಏಳು ಚೀಲಗಳಿವೆ. ಈ ಸಂಗತಿಯನ್ನು ಇದುವರೆಗೆ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಮೈಸೂರಿನಲ್ಲಿರುವ ನನ್ನ ಹೆಂಡತಿಗೆ ಎರಡರ ವಿಷಯ ಮಾತ್ರ ಗೊತ್ತು. ಉಳಿದ ಐದನ್ನು ಒಂದರೊಳಗೊಂದು ತುರುಕಿ ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ. ಅವಳು ನಾನಿರುವ ಕತಾರಿಗೆ ಒಮ್ಮೆಯೂ ಬಂದವಳಲ್ಲ, ಮುಂದೆ ಬರುವ ಅಂದಾಜೂ ಇಲ್ಲ. ಆದರೂ ಬಚ್ಚಿಟ್ಟಿದ್ದೇನೆ. ತಪ್ಪು ಮಾಡಿದವನಿಗೆ ಅಷ್ಟಾದರೂ ಮರ್ಯಾದೆ ಬೇಕಲ್ಲ.

ಕೊಳ್ಳುವುದು ಒಂದು ಚಟ ಎಂದು ಎಲ್ಲರೂ ಬೈಯುತ್ತಾರೆ. ಆರಿಸುವುದು ಅದಕ್ಕಿಂತ ದೊಡ್ಡ ಚಟ ಎಂಬುದನ್ನು ಯಾರೂ ಹೇಳುವುದಿಲ್ಲ. ಕೊಳ್ಳುವವನನ್ನು ತಿಂಗಳ ಕೊನೆ ತಡೆಯುತ್ತದೆ. ಆರಿಸುವವನನ್ನು ತಡೆಯುವವರು ಯಾರು? ಅವನಿಗೆ ಖರ್ಚಿಲ್ಲ, ಆಯಾಸವಿಲ್ಲ, ನಾಚಿಕೆಯೂ ಇಲ್ಲ. ನಾನು ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಪಿಯುಸಿ ಓದಿ ಟೈಪಿಂಗ್ ಕಲಿತವನು. ಕಿಟಕಿಯ ಆಚೆ ನಿಂತು ಯಾರಾದರೂ ಬೋಲ್ಟು ಕೇಳಿದರೆ ಒಂದು ಕ್ಷಣವೂ ಯೋಚಿಸದೆ ಸರಿಯಾದ ಡಬ್ಬಿಗೆ ಕೈ ಹಾಕುತ್ತೇನೆ. ಆ ಕೈಯೇ ಲೆನ್ಸಿನ ವಿಷಯ ಬಂದರೆ ಗಾಳಿಯಲ್ಲಿ ನಿಂತುಬಿಡುತ್ತದೆ.

ಊರ ತುಂಬ ಕ್ರೀಡಾಂಗಣಗಳು ಏಳುತ್ತಿದ್ದ ಕಾಲ ಅದು. ಫುಟ್‌ಬಾಲ್ ವಿಶ್ವಕಪ್ಪಿಗೆ ಇನ್ನು ಎರಡು ವರ್ಷ, ಒಂದೂವರೆ ವರ್ಷ ಎಂದು ಎಲ್ಲರೂ ಎಣಿಸುತ್ತಿದ್ದರು. ದುಖಾನ್‌ನ ಎಣ್ಣೆ ಕಂಪನಿಯಲ್ಲಿದ್ದ ಒಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಾಗ ತಮ್ಮ ಫುಲ್ ಫ್ರೇಮ್ ಮಿರರ್‌ಲೆಸ್ ಎಂಬ ದುಬಾರಿ ಜಾತಿಯ ಕ್ಯಾಮೆರಾವನ್ನು ನನಗೆ ಮಾರಿದರು. ಜೊತೆಗೆ ಒಂದು ಸಾದಾ ಲೆನ್ಸೂ ಬಂತು. ಆ ಲೆನ್ಸಿನಿಂದಲೇ ಅವರು ಹೆಂಡತಿ, ಮಕ್ಕಳು, ಮರುಭೂಮಿ, ಒಂಟೆ ಎಲ್ಲವನ್ನೂ ಚೆನ್ನಾಗಿಯೇ ತೆಗೆದಿದ್ದರು. ನಾನು ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಇಂಟರ್ನೆಟ್ಟಿನಲ್ಲಿ ಓದಲು ಕೂತೆ. ಅಲ್ಲಿನ ಪಂಡಿತರೆಲ್ಲ ಒಮ್ಮತದಿಂದ ಹೇಳಿದ್ದು ಇಷ್ಟು: ಇಂಥ ಕ್ಯಾಮೆರಾಕ್ಕೆ ಇಂಥ ಲೆನ್ಸ್ ಹಾಕುವುದೆಂದರೆ ರೇಷ್ಮೆ ಪಂಚೆಯ ಕೆಳಗೆ ರಬ್ಬರ್ ಚಪ್ಪಲಿ ಹಾಕಿದ ಹಾಗೆ. ಅಂದಿನಿಂದ ಆ ಲೆನ್ಸನ್ನು ನೋಡಿದರೆ ನನಗೆ ನನ್ನ ಕಾಲೇ ಕಾಣುತ್ತಿತ್ತು.

ಈ ಹುಡುಕಾಟದಲ್ಲಿ ನನ್ನ ಜೊತೆಗಿದ್ದವರು ವಾಸಣ್ಣ. ದೋಹಾ ಅಲ್ ಜದೀದಾದಲ್ಲಿ ನನ್ನ ರೂಮಿನ ಎದುರಿಗೇ ಅವರ ಟೈಲರ್ ಅಂಗಡಿ. ಕಾರ್ಕಳದ ಕಡೆಯವರು. ಮನೆಮಾತು ತುಳು. ನನ್ನ ಜೊತೆ ಮಾತ್ರ ಕನ್ನಡ, ಅದೂ ಬೈಯುವುದಕ್ಕೆ ಹೆಚ್ಚು. ಇಪ್ಪತ್ತೆಂಟು ವರ್ಷದಿಂದ ಇದೇ ಊರಿನಲ್ಲಿ ಪ್ಯಾಂಟಿನ ಉದ್ದ ಕತ್ತರಿಸುತ್ತಿದ್ದರು. ಬಾಗಿಲಲ್ಲಿ ಗಿರಾಕಿ ಕಂಡರೆ ಟೇಪು ಹಿಡಿಯುವ ಮೊದಲೇ ಸೊಂಟದ ಅಳತೆ ಹೇಳಿಬಿಡುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಅವರ ಅಂಗಡಿ ಮುಚ್ಚಿರುತ್ತಿತ್ತು. ನಾವಿಬ್ಬರೂ ಕ್ಯಾಮೆರಾ ಅಂಗಡಿಗಳನ್ನು ಸುತ್ತುತ್ತಿದ್ದೆವು.

"ಎಂಥದು ಮಾರಾಯಾ, ಹುಡುಗಿ ನೋಡ್ಲಿಕ್ಕೆ ಹೋದವನ ಹಾಗೆ ವಾರ ವಾರ ಹೋಗ್ತಿ" ಎನ್ನುತ್ತಿದ್ದರು. "ಅಲ್ಲಿಯಾದ್ರೆ ಸಜ್ಜಿಗೆ, ಚಾ ಆದ್ರೂ ಕೊಡ್ತಾರೆ. ಇಲ್ಲಿ ಅದೂ ಮಾಫಿ, ಇಲ್ಲವೇ ಇಲ್ಲ."

ಅಂಗಡಿಯ ಸೇಲ್ಸ್‌ಮನ್‌ಗೆ ನಾವು ಎಷ್ಟು ಪರಿಚಯವಾಗಿದ್ದೆವೆಂದರೆ, ನಮ್ಮನ್ನು ಕಂಡ ಕೂಡಲೇ ಎದ್ದು ನಿಲ್ಲುವುದನ್ನು ಅವನು ಬಿಟ್ಟಿದ್ದ. ಕೂತಲ್ಲಿಂದಲೇ "ಸಾಬ್, ಆಜ್ ಭೀ ಸಿರ್ಫ್ ದೇಖ್ನಾ ಹೈ?", ಇವತ್ತೂ ಬರೀ ನೋಡುವುದೇ, ಎಂದು ಕೇಳುತ್ತಿದ್ದ. ಅದಕ್ಕೆ ವಾಸಣ್ಣ, "ಇವ್ರದ್ದು ಜಾತಕ ಕೂಡಿ ಬರ್ಲಿಲ್ಲ" ಎಂದು ಅವನಿಗೆ ತಿಳಿಯದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು.

ಜೂಮ್ ಲೆನ್ಸ್ ತೆಗೆದುಕೊಳ್ಳಲೋ, ಒಂದೇ ಅಳತೆಯ ಪ್ರೈಮ್ ಲೆನ್ಸ್ ತೆಗೆದುಕೊಳ್ಳಲೋ ಎಂಬುದರಲ್ಲೇ ನನ್ನ ಏಳೆಂಟು ತಿಂಗಳು ಹೋಯಿತು. ಎರಡರ ವ್ಯತ್ಯಾಸವನ್ನು ವಾಸಣ್ಣನಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಗುಂಡಿಯ ಕಾಜಾ ಹೊಲಿಯುತ್ತಾ ಕೇಳಿಸಿಕೊಂಡು, "ಜೂಮ್ ಅಂದ್ರೆ ಎಲಾಸ್ಟಿಕ್ ಪ್ಯಾಂಟ್. ಎಲ್ಲರಿಗೂ ಆಗ್ತದೆ, ಯಾರಿಗೂ ಚಂದ ಕೂರುವುದಿಲ್ಲ. ಮತ್ತೊಂದು ಹೊಲಿಸಿದ್ದು. ಒಬ್ಬನಿಗೇ ಆಗುವುದು. ಇಷ್ಟೇ ಅಲ್ವಾ?" ಎಂದರು. ನಾನು ನಲವತ್ತು ವಿಡಿಯೋ ನೋಡಿ ಕಲಿತದ್ದನ್ನು ಅವರು ಒಂದು ಕಾಜಾ ಮುಗಿಯುವಷ್ಟರಲ್ಲಿ ಹೇಳಿಬಿಟ್ಟರು. ನನಗೆ ಸ್ವಲ್ಪ ಸಿಟ್ಟೇ ಬಂತು.

ಲೆನ್ಸ್ ತೀರ್ಮಾನವಾಗದ ದುಃಖದಲ್ಲಿ ಚೀಲಗಳನ್ನು ಕೊಂಡೆ. ಮೊದಲ ಚೀಲದಲ್ಲಿ ಕ್ಯಾಮೆರಾ ಹಿಡಿಯಿತು, ನೀರಿನ ಬಾಟಲಿ ಹಿಡಿಯಲಿಲ್ಲ. ಈ ಊರಿನ ಬಿಸಿಲಲ್ಲಿ ಎರಡರಲ್ಲೊಂದು ಬಿಡಬೇಕೆಂದರೆ ಬಿಡಬೇಕಾದದ್ದು ಕ್ಯಾಮೆರಾ. ಎರಡನೆಯದರಲ್ಲಿ ಎಲ್ಲವೂ ಹಿಡಿಯಿತು, ಆದರೆ ಅದು ನನ್ನ ಬೆನ್ನಿಗಿಂತ ಅಗಲವಾಗಿತ್ತು. ಹಿಂದಿನಿಂದ ನೋಡಿದರೆ ಚೀಲವೊಂದು ತಾನಾಗಿ ನಡೆದು ಹೋಗುತ್ತಿರುವ ಹಾಗೆ ಕಾಣುತ್ತದೆ ಎಂದು ವಾಸಣ್ಣ ಹೇಳಿದರು. ಮೂರನೆಯದು ಕ್ಯಾಮೆರಾ ಚೀಲದ ಹಾಗೆ ಕಾಣಬಾರದೆಂದೇ ತಯಾರಾದದ್ದು. ಅದು ಎಷ್ಟು ಚೆನ್ನಾಗಿ ಕಾಣದೆ ಹೋಯಿತೆಂದರೆ, ಒಂದು ಬೆಳಿಗ್ಗೆ ಅದನ್ನೇ ಊಟದ ಚೀಲವೆಂದುಕೊಂಡು ಕಂಪನಿ ಬಸ್ಸು ಹತ್ತಿದೆ. ಮಧ್ಯಾಹ್ನ ಗೋದಾಮಿನಲ್ಲಿ ಎಲ್ಲರೂ ಚಿತ್ರಾನ್ನ, ಪರೋಟ ಬಿಚ್ಚುವಾಗ ನಾನು ಲೆನ್ಸ್ ಒರೆಸುವ ಬಟ್ಟೆ ಬಿಚ್ಚಿದೆ. ಉಳಿದ ನಾಲ್ಕು ಚೀಲಗಳ ಕಥೆ ಬೇಡ, ಅವು ಈ ಮೂರರ ತಪ್ಪು ತಿದ್ದಲು ಬಂದವು.

ಈಗ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಪರಿಚಯದವರಿಂದ ಒಂದೆರಡು ಗಂಟೆಗೆಂದು ಲೆನ್ಸ್ ಬೇಡಿ ತಂದು ಪರೀಕ್ಷೆ ಮಾಡುವ ಅಭ್ಯಾಸ ನನಗಿತ್ತು. ಲೆನ್ಸ್ ಎಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ ಎಂದು ನೋಡಲು ಸಣ್ಣ ಅಂಕಿಗಳಿರುವ ಪಟ್ಟಿಯೊಂದರ ಫೋಟೋ ತೆಗೆಯಬೇಕು ಎಂದು ಒಬ್ಬ ಪಂಡಿತ ಹೇಳಿದ್ದ. ಅಂಥ ಪಟ್ಟಿ ವಾಸಣ್ಣನ ಕುತ್ತಿಗೆಯಲ್ಲೇ ಸದಾ ನೇತಾಡುತ್ತಿತ್ತು. ಟೈಲರಿನ ಟೇಪಿಗಿಂತ ಒಳ್ಳೆಯ ಪಟ್ಟಿ ಎಲ್ಲಿ ಸಿಗುತ್ತದೆ? ಹಾಗಾಗಿ ಪ್ರತಿ ಲೆನ್ಸಿಗೂ ಅವರನ್ನೇ ಅಂಗಡಿಯ ಬಾಗಿಲಲ್ಲಿ ನಿಲ್ಲಿಸುತ್ತಿದ್ದೆ.

"ಅಲ್ಲಾಡಬೇಡಿ ವಾಸಣ್ಣ."

"ನಾನು ಅಲ್ಲಾಡ್ಲಿಲ್ಲ. ನೀನು ಹೊಟ್ಟೆಗೆ ಯಾಕೆ ಗುರಿ ಇಡ್ತಿ? ಮುಖ ಮೇಲೆ ಉಂಟು."

"ಹದಿನೆಂಟರ ಮೇಲೆ ಫೋಕಸ್ ಮಾಡ್ತಿದ್ದೀನಿ, ಸ್ವಲ್ಪ ಸುಮ್ನಿರಿ."

"ಹದಿನೆಂಟಾ! ನನಗೆ ಐವತ್ತಾರು ಆಯ್ತು ಮಾರಾಯಾ."

ಮೂಲೆಯಲ್ಲಿ ಲೆನ್ಸ್ ಮಸುಕಾಗುತ್ತದೋ ಎಂದು ನೋಡಲು ಅವರನ್ನು ಚಿತ್ರದ ಅಂಚಿಗೆ ತಳ್ಳುತ್ತಿದ್ದೆ. ಬೆಳಕಿಗೆ ಎದುರಾಗಿ ಹೇಗೆ ಬರುತ್ತದೆಂದು ನೋಡಲು ಸೂರ್ಯನ ಮುಂದೆ ನಿಲ್ಲಿಸುತ್ತಿದ್ದೆ. ಅವರು ಪ್ರತಿ ಸಲವೂ ನಿಂತರು. ಗಿರಾಕಿ ಕಾಯುತ್ತಿದ್ದರೂ ನಿಂತರು. ಎಷ್ಟೋ ಸಲ, ಎಲ್ಲ ಮುಗಿದ ಮೇಲೆ, ಕೂದಲು ಸರಿಮಾಡಿಕೊಂಡು, "ಇನ್ನು ಒಂದು ನನ್ನ ಮುಖದ್ದು ತೆಗಿ. ಮನೆಗೆ ಕಳಿಸ್ಲಿಕ್ಕೆ" ಎಂದು ಕೇಳಿದರು.

"ಸರಿಯಾದ ಲೆನ್ಸ್ ಬರಲಿ ವಾಸಣ್ಣ. ತೆಗೆದರೆ ಹಾಗೆ ತೆಗೀಬೇಕು, ಗೋಡೆಗೆ ಹಾಕೋ ಹಾಗೆ."

"ಆಯ್ತು, ಆಯ್ತು. ನಿನ್ನ ಲೆನ್ಸ್ ಬರುವಾಗ ನನ್ನ ಹಲ್ಲು ಇದ್ರೆ ಸಾಕು."

ವಿಶ್ವಕಪ್ ಬಂತು. ನಮಗೆ ಹೇಗೋ ಒಂದು ಆಟಕ್ಕೆ ಎರಡು ಟಿಕೆಟ್ ಸಿಕ್ಕಿತು. ವಾಸಣ್ಣ ಅವತ್ತಿಗೆಂದು ಒಂದು ಅಂಗಿ ಹೊಲಿದುಕೊಂಡರು. ಬಲ ಅರ್ಧ ಒಂದು ತಂಡದ ಬಣ್ಣ, ಎಡ ಅರ್ಧ ಮತ್ತೊಂದು ತಂಡದ ಬಣ್ಣ. "ಯಾರು ಗೆದ್ರೂ ನನ್ನ ಒಂದು ಕೈ ಮೇಲೆ" ಎಂದರು. ನಾನೋ, ದೊಡ್ಡ ಲೆನ್ಸ್ ಒಳಗೆ ಬಿಡುವುದಿಲ್ಲವಂತೆ ಎಂದು ಕೇಳಿ, ಎಷ್ಟು ದೊಡ್ಡದನ್ನು ದೊಡ್ಡದು ಎನ್ನುತ್ತಾರೆ, ಯಾವ ಚೀಲ ಬಿಡುತ್ತಾರೆ ಎಂದು ಮೂರು ದಿನ ವಿಚಾರಿಸಿದೆ. ಕೊನೆಗೆ ಹೊರಡುವ ಹೊತ್ತಿಗೆ ಮಂಚದ ಮೇಲೆ ಏಳು ಚೀಲಗಳೂ ಬಾಯಿ ತೆರೆದು ಕೂತಿದ್ದವು. ಕೆಳಗಿನಿಂದ ವಾಸಣ್ಣ "ಯಲ್ಲಾ, ಯಲ್ಲಾ, ಬೇಗ ಬಾ, ಅವರು ಆಟ ಮುಗಿಸಿ ಮನೆಗೆ ಹೋಗ್ತಾರೆ" ಎಂದು ಕೂಗಿದರು. ಕ್ಯಾಮೆರಾವನ್ನು ರೂಮಿನಲ್ಲೇ ಬಿಟ್ಟು ಓಡಿದೆ. ಅವತ್ತು ವಾಸಣ್ಣ ಎಷ್ಟು ಕುಣಿದರೆಂಬುದಕ್ಕೆ ನನ್ನ ಬಳಿ ಸಾಕ್ಷಿಯಿಲ್ಲ.

ವಿಶ್ವಕಪ್ ಮುಗಿದು ಎರಡು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಹತ್ತು ಗಂಟೆಯಾದರೂ ಟೈಲರ್ ಅಂಗಡಿಯ ಶಟರ್ ಮೇಲೆ ಹೋಗಿಲ್ಲ ಎಂದು ಪಕ್ಕದ ಚಹಾ ಅಂಗಡಿಯ ಮೊಯ್ದುಕ್ಕ, ಎಂದರೆ ಮೊಯ್ದು ಅಣ್ಣ, ನನಗೆ ಫೋನ್ ಮಾಡಿದರು. ವಾಸಣ್ಣ ನಿದ್ದೆಯಲ್ಲೇ ಹೋಗಿದ್ದರು. ಹೃದಯ ಎಂದರು ಡಾಕ್ಟರು. ಅವರನ್ನು ಊರಿಗೆ ಕಳಿಸುವ ಕಾಗದಪತ್ರಗಳಿಗೆ ನಾನೂ ನಾಲ್ಕು ದಿನ ಓಡಾಡಿದೆ. ಒಂದು ಕಚೇರಿಯಲ್ಲಿ ಅವರ ಎತ್ತರ ಕೇಳಿದರು, ಪೆಟ್ಟಿಗೆಗೆ. ನನಗೆ ಹೇಳಲು ಗೊತ್ತಾಗಲಿಲ್ಲ. ಎಲ್ಲರ ಅಳತೆ ಗೊತ್ತಿದ್ದವರು ಅವರೊಬ್ಬರೇ.

ಅವರನ್ನು ಕಳಿಸಿದ ಮೂರನೇ ದಿನ ಅವರ ಹೆಂಡತಿ ಶಶಿಯಕ್ಕ ಫೋನ್ ಮಾಡಿದರು. ಅವರ ಕಡೆ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಆ ದಿನ ಹೋದವರ ಫೋಟೋವನ್ನು ಹೂವು ಹಾಕಿ ಇಡುತ್ತಾರೆ, ಊಟಕ್ಕೆ ಬಂದವರೆಲ್ಲ ಅದರ ಮುಂದೆ ನಿಂತು ಹೋಗುತ್ತಾರೆ.

"ನೀವು ವಾರ ವಾರ ಅವರ ಫೋಟೋ ತೆಗೀತಿದ್ರಲ್ಲ ಅಣ್ಣ. ಫೋನಲ್ಲಿ ಹೇಳ್ತಿದ್ರು, ಇವತ್ತೂ ನನ್ನದು ಫೋಟೋ ಉಂಟು ಅಂತ. ನಮ್ಮ ಹತ್ರ ಇರುವುದು ಮದುವೇದು. ಮತ್ತೆ ಪಾಸ್‌ಪೋರ್ಟಿಂದು, ಅದರಲ್ಲಿ ಕಳ್ಳನ ಹಾಗೆ ಕಾಣ್ತಾರೆ. ಒಂದು ಒಳ್ಳೇದು ಕಳಿಸಿ. ನೀವು ತೆಗೆದದ್ದೇ ಇಡುವ."

ಬೊಜ್ಜಕ್ಕೆ ಇನ್ನೂ ಒಂಬತ್ತು ದಿನವಿತ್ತು. ನಾನು ಕಂಪ್ಯೂಟರಿನ ಮುಂದೆ ಕೂತೆ. ವಾಸಣ್ಣನ ಫೋಟೋಗಳು ಸಾವಿರಕ್ಕೂ ಮೇಲಿದ್ದವು. ಒಂದೊಂದಾಗಿ ತೆರೆದೆ. ಹದಿನೆಂಟು ಎಂಬ ಅಂಕಿ ಅದ್ಭುತವಾಗಿ ಬಂದಿತ್ತು, ಟೇಪಿನ ನೂಲಿನ ಎಳೆಗಳನ್ನು ಎಣಿಸಬಹುದಿತ್ತು. ಅದರ ಮೇಲೆ, ಹಿಟ್ಟು ಮೆತ್ತಿದ ಹಾಗೆ ಮಸುಕಾಗಿ ಒಂದು ಮುಖ. ಮುಂದಿನದರಲ್ಲಿ ಗಲ್ಲದವರೆಗೆ ಮಾತ್ರ. ಅದರ ಮುಂದಿನದರಲ್ಲಿ ಅಂಗಡಿಯ ಬೋರ್ಡು, ಮೂಲೆಯಲ್ಲಿ ಅರ್ಧ ಕಿವಿ. ಸೂರ್ಯನ ಎದುರಿನದರಲ್ಲಿ ಕಪ್ಪು ಆಕಾರ. ಒಂದರಲ್ಲಿ ಬರೀ ಎಡಗಣ್ಣಿನ ರೆಪ್ಪೆ, ಬಹಳ ಚೆನ್ನಾಗಿ. ಒಂದರಲ್ಲಿ ಮುಖ ಪೂರ್ತಿ ಇತ್ತು, ಸ್ಪಷ್ಟವೂ ಇತ್ತು, ಆದರೆ ಅವರು ಆಕಳಿಸುತ್ತಿದ್ದರು. ಸಂಜೆಯ ಹೊತ್ತಿಗೆ ನನಗೆ ಎಲ್ಲ ಲೆನ್ಸುಗಳ ಗುಣದೋಷ ಗೊತ್ತಾಯಿತು. ವಾಸಣ್ಣ ನಗುವಾಗ ಹೇಗಿರುತ್ತಿದ್ದರು ಎಂದು ತೋರಿಸುವ ಒಂದೂ ಸಿಗಲಿಲ್ಲ. ತುಂಡುಗಳನ್ನು ಜೋಡಿಸಿದರೆ ಒಬ್ಬ ಮನುಷ್ಯ ಆಗಬಹುದೇ ಎಂದೂ ಯೋಚಿಸಿದೆ. ಹೊಲಿಯಲು ಗೊತ್ತಿದ್ದವರು ಇರಲಿಲ್ಲ.

ಮರುದಿನ ಮೊಯ್ದುಕ್ಕನ ಅಂಗಡಿಯಲ್ಲಿ ಚಹಾ ಮುಂದಿಟ್ಟುಕೊಂಡು ಇದನ್ನು ಹೇಳಿದೆ. ಅವರು ಕಾಸರಗೋಡಿನವರು, ಕನ್ನಡ ಬರುತ್ತದೆ. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಗಾಜು ಒಡೆದ ಮೊಬೈಲ್ ತೆಗೆದರು.

"ನನ್ನ ಫೋನಲ್ಲಿ ಉಂಟಲ್ಲ, ಆ ಮ್ಯಾಚಿನ ದಿವಸದ್ದು. ನೀವು ಮೇಲೆ ಎಂಥದೋ ಹುಡುಕ್ತಾ ಇದ್ರಿ, ಬರ್ಲಿಕ್ಕೇ ಇಲ್ಲ. ಇವರು ಇಲ್ಲಿ ನಿಂತು ನಿಮ್ಮನ್ನು ಬೈತಾ ಇದ್ರು. ಆಗ ತೆಗೆದದ್ದು."

ವಾಸಣ್ಣ ಮೇಲೆ ನನ್ನ ಕಿಟಕಿಯತ್ತ ನೋಡುತ್ತಾ ನಗುತ್ತಿದ್ದರು. ಎಲ್ಲ ಹಲ್ಲುಗಳೂ ಇದ್ದವು. ಎರಡು ಬಣ್ಣದ ಅಂಗಿ. ಕುತ್ತಿಗೆಯಲ್ಲಿ ಟೇಪು ಇರಲಿಲ್ಲ, ಅವತ್ತೊಂದು ದಿನ ತೆಗೆದಿಟ್ಟಿದ್ದರು. ಮೊಯ್ದುಕ್ಕನ ಹೆಬ್ಬೆರಳು ಒಂದು ಮೂಲೆಯಲ್ಲಿ ಬಂದಿತ್ತು. ನಾನು ಹೆಬ್ಬೆರಳನ್ನು ಕತ್ತರಿಸಿ, ಉಳಿದದ್ದನ್ನು ಶಶಿಯಕ್ಕನಿಗೆ ಕಳಿಸಿದೆ. ಯಾರು ತೆಗೆದದ್ದು ಎಂದು ಬರೆಯಲಿಲ್ಲ. ದುಃಖದ ಮನೆಗೆ ಅಷ್ಟು ಉದ್ದ ಯಾಕೆ ಬರೆಯುವುದು ಎಂದು ನನಗೆ ನಾನೇ ಹೇಳಿಕೊಂಡೆ.

ಬೊಜ್ಜ ಮುಗಿದ ಮೇಲೆ ಶಶಿಯಕ್ಕನ ತಮ್ಮ ಪ್ರವೀಣ ಫೋನ್ ಮಾಡಿದ. "ಅಣ್ಣ, ಬಂದವರೆಲ್ಲ ಫೋಟೋದ ಬಗ್ಗೆಯೇ ಮಾತು. ಭಾವ ಈಗ ಏನೋ ಹೇಳ್ಲಿಕ್ಕೆ ಹೊರಟ ಹಾಗೆ ಉಂಟು ಅಂತ. ದೊಡ್ಡ ಕ್ಯಾಮೆರಾ ದೊಡ್ಡ ಕ್ಯಾಮೆರಾವೇ."

"ಅದು ಮೊಬೈಲಲ್ಲಿ ತೆಗೆದದ್ದು ಪ್ರವೀಣ" ಎಂದೆ. "ನಾನಲ್ಲ, ಚಹಾ ಅಂಗಡಿಯವರು."

ಅವನು ನಕ್ಕ. "ಭಾವ ಹೇಳ್ತಿದ್ರು, ನೀವು ತುಂಬ ಸಂಕೋಚದವರು ಅಂತ. ಕೆಳಗೆ ಸಣ್ಣದಾಗಿ ನಿಮ್ಮ ಹೆಸರು ಹಾಕಿಸಿದ್ದೇನೆ ಅಣ್ಣ. ಫ್ರೇಮ್ ಆಗಿ ಗೋಡೆಗೂ ಹಾಕಿ ಆಯ್ತು."

ನಿಜವನ್ನು ಒಂದು ಸಲ ಹೇಳಿದ್ದೆ. ಎರಡನೇ ಸಲ ಹೇಳಬೇಕಿತ್ತು, ಹೇಳಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಸಂಕೋಚದವರು ಮಾಡುವ ಹಾಗೆ ಸುಮ್ಮನಿದ್ದೆ. ಅಷ್ಟರಲ್ಲಿ ಫೋನು ಶಶಿಯಕ್ಕನ ಕೈಗೆ ಹೋಯಿತು.

"ರಜೆಗೆ ಬರುವಾಗ ನಮ್ಮಲ್ಲಿಗೂ ಬನ್ನಿ ಅಣ್ಣ. ಕ್ಯಾಮೆರಾ ತನ್ನಿ. ನನ್ನದೂ ಒಂದು ಹಾಗೇ ತೆಗೆದಿಡಿ. ನಾಳೆ ಮಕ್ಕಳು ನಿಮ್ಮ ಹಾಗೆ ಹುಡುಕುವುದು ಬೇಡ."

ಅವರಿಗೆ ಎಷ್ಟು ಗೊತ್ತಿತ್ತೋ, ನಾನು ಕೇಳಲಿಲ್ಲ. ಖಂಡಿತ ಬರುತ್ತೇನೆ ಅಕ್ಕ ಎಂದೆ. ಫೋನ್ ಇಟ್ಟು ಅಲ್ಲೇ ಕೂತೆ. ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಹತ್ತು ನಿಮಿಷವಾದರೂ ಹಾಗೆ ಕೂತಿದ್ದಿರಬೇಕು. ಆಮೇಲೆ ನಾನು ಏನು ಯೋಚಿಸುತ್ತಿದ್ದೇನೆ ಎಂದು ನನಗೇ ಗೊತ್ತಾಗಿ ಎದ್ದು ಮುಖ ತೊಳೆದುಕೊಂಡೆ. ಶಶಿಯಕ್ಕನದು ಹಳೆಯ ಹೆಂಚಿನ ಮನೆ, ಒಳಗೆ ಬೆಳಕು ಕಡಿಮೆ ಇರುತ್ತದೆ, ಅಷ್ಟು ಬೆಳಕಿಗೆ ಯಾವ ಲೆನ್ಸ್ ಕೊಂಡರೆ ಒಳ್ಳೆಯದು ಎಂದು ಲೆಕ್ಕ ಹಾಕುತ್ತಿದ್ದೆ.