ಫೋನ್ ಮಾಡಿ ಕದ್ದ ಗಿಡ

ಅಂಗಡಿಯಲ್ಲಿ ನಾನು ಬಲು ಗಟ್ಟಿ ಮನುಷ್ಯ. ಕುದ್ರೋಳಿಯ ನನ್ನ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಮೂವತ್ತು ಸೀರೆ ಬಿಡಿಸಿ ನೋಡಿ, "ಮತ್ತೆ ಬರ್ತೇನೆ" ಎಂದು ಹೋದರೂ ನಗುತ್ತಲೇ ಮಡಚಿಡುತ್ತೇನೆ. ಆದರೆ ಒಂದು ಗಿಡದ ವಿಷಯದಲ್ಲಿ ಮಾತ್ರ ನಾನು ತೀರಾ ಪುಕ್ಕಲು ಎಂದು ಒಪ್ಪಿಕೊಳ್ಳಲೇಬೇಕು. ಪಡೀಲಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಒಂದು ಮಾನ್‌ಸ್ಟೆರಾ ಇದೆ. ದೊಡ್ಡದಾದ ಮೇಲೆ ಎಲೆಯಲ್ಲಿ ತಾನಾಗಿಯೇ ತೂತು ಬೀಳುವ ಗಿಡ. ಎಂಟು ತಿಂಗಳಿಂದ ಆ ಮೊದಲ ತೂತಿಗಾಗಿ ಕಾದಿದ್ದೆ. ಮಣ್ಣಿಗೆ ಬೆರಳು ಚುಚ್ಚಿ ತೇವ ನೋಡುವುದೇನು, ಬೆಳಕು ಬಂದ ಕಡೆಗೆ ಚಟ್ಟಿ ತಿರುಗಿಸುವುದೇನು! "ಕಂಪೌಂಡಿನ ಗೋಡೆ ಮೇಲೂ ಗಿಡ ಹುಟ್ಟುವ ಊರು ಇದು. ನೀವು ದುಡ್ಡು ಕೊಟ್ಟು ಒಳಗೆ ತಂದು ಉಪಚಾರ ಮಾಡ್ತೀರಿ. ತೂತು ನೋಡ್ಲಿಕ್ಕೆ ಎಲೆ ಎಂತಕ್ಕೆ? ನಿಮ್ಮ ಬನಿಯನ್‌ನಲ್ಲಿ ಬೇಕಾದಷ್ಟು ಉಂಟು" ಎನ್ನುತ್ತಿದ್ದಳು ಹೆಂಡತಿ ನಸೀಮಾ.

ಕೊನೆಗೂ ಗಿಡದ ತುದಿಯಲ್ಲಿ ಸುರುಳಿಯಾದ ಹೊಸ ಎಲೆ ಮೂಡಿತು. ಅಂಚಿನಲ್ಲಿ ಸೀಳು ಸಣ್ಣಗೆ ಕಾಣುತ್ತಿತ್ತು. ಆ ವಾರವೇ ಎದುರು ಫ್ಲ್ಯಾಟಿನ ವಾರಿಜಕ್ಕನ ಫೋನು. "ಹಮೀದಣ್ಣ, ಆದಿತ್ಯವಾರ ನಾಲ್ಕು ಗಂಟೆಗೆ ಮನೆಯಲ್ಲಿ ಇರ್ತೀರಾ? ನಿಮ್ಮ ಹಾಲ್‌ನ ಗಿಡದ ಒಂದು ತುಂಡು ಕದಿಲಿಕ್ಕೆ ಬರ್ತೇನೆ." ಬೆಚ್ಚಬೇಡಿ. ಕೇಳಿ ತಂದ ಗಿಡ ಚಿಗುರುವುದಿಲ್ಲ, ಕದ್ದು ತಂದರೆ ಚೆನ್ನಾಗಿ ಬರುತ್ತದೆ ಎಂದು ನಮ್ಮಲ್ಲಿ ಹಲವರ ನಂಬಿಕೆ. ಹಾಗಾಗಿ ಇಂಥ ಕಳ್ಳರು ಮೊದಲೇ ತಿಳಿಸಿ ಬರುತ್ತಾರೆ. ಮನೆಯವರು ಚಹಾಕ್ಕೆ ನೀರಿಟ್ಟು, ಕದಿಯುವ ಹೊತ್ತಿಗೆ ಆಚೆ ತಿರುಗಿದರಾಯಿತು. ಹಾಲ್‌ನ ಮೂಲೆಯಲ್ಲಿ ಮನಿಪ್ಲಾಂಟ್ ಮಾರುದ್ದ ಹಬ್ಬಿತ್ತು. ಅದಕ್ಕೇ ಬರುತ್ತಿದ್ದಾರೆ ಎಂದುಕೊಂಡು, "ಧಾರಾಳ ಕದೀರಿ" ಎಂದೆ.

ಆದಿತ್ಯವಾರ ನಾನು ಅಡುಗೆಮನೆಯಲ್ಲಿ ಗೋಡೆಯತ್ತ ಮುಖ ಮಾಡಿ ನಿಂತೆ. ಕತ್ತರಿಯ ಸದ್ದು ಕೇಳಿತು. ಮನಿಪ್ಲಾಂಟಿನ ಬಳ್ಳಿಗೆ ಇಷ್ಟು ಜೋರು ಸದ್ದು ಯಾಕೆ ಎಂದು ಕಿವಿಗೊಟ್ಟೆ. ಆದರೆ ತಿರುಗಿ ನೋಡುವುದು ಮರ್ಯಾದೆಯೇ? ವಾರಿಜಕ್ಕ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಚಹಾ ಕುಡಿದು ಹೋದರು. ಹಾಲ್‌ಗೆ ಬಂದು ನೋಡುತ್ತೇನೆ, ಮನಿಪ್ಲಾಂಟ್ ಇದ್ದಂತೆಯೇ ಇದೆ. ಯಾ ಅಲ್ಲಾ, ಮಾನ್‌ಸ್ಟೆರಾದ ತಲೆಯೇ ಇಲ್ಲ! ಸುರುಳಿ ಎಲೆ ಸಮೇತ ಹೋಗಿತ್ತು. ಅಳು ಬಂತು, ಸುಳ್ಳು ಹೇಳುವುದಿಲ್ಲ. "ಹೋಗಿ ಕೇಳಿ" ಎಂದಳು ನಸೀಮಾ, ನಗು ತಡೆದುಕೊಂಡು. ಏನೆಂದು ಕೇಳುವುದು? ನಾನೇ ಒಪ್ಪಿ, ಚಹಾ ಕೊಟ್ಟು ಕಳುಹಿಸಿದ್ದೆ.

ಮೂರು ತಿಂಗಳಾಯಿತು. ನನ್ನ ಗಿಡ ಮುನಿಸಿಕೊಂಡು ನಿಂತಲ್ಲೇ ನಿಂತಿತ್ತು. ವಾರಿಜಕ್ಕನ ಕಿಟಕಿಯ ಬಳಿ ಅದರದೇ ತುಂಡು ತೂತು ಬಿದ್ದ ಮೊರದಗಲದ ಎಲೆ ಬಿಟ್ಟಿತ್ತು. ತಡೆಯಲಾರದೆ ನಾನೂ ಫೋನ್ ಮಾಡಿದೆ. "ವಾರಿಜಕ್ಕ, ಈ ಸಲ ನಾನು ಬರ್ಲಾ ಕದಿಲಿಕ್ಕೆ?" "ಬನ್ನಿ ಬನ್ನಿ, ನಾನು ಒಳಗೆ ಇರ್ತೇನೆ" ಎಂದರು. ಅಂಗಡಿಯ ದೊಡ್ಡ ಕತ್ತರಿ ಹಿಡಿದು ಗಿಡದ ಮುಂದೆ ನಿಂತೆ. ತುದಿಯಲ್ಲಿ ಮತ್ತೊಂದು ಎಳೆಯ ಸುರುಳಿ. ದಿನವಿಡೀ ಬಟ್ಟೆ ಕತ್ತರಿಸುವ ಕೈ ಏಳಲೇ ಇಲ್ಲ. ಎಲೆಗಳ ಮೇಲೆ ರಸ್ತೆಯ ಧೂಳು ಕೂತಿತ್ತು. ಪಾಪ ಅನಿಸಿ, ಪಕ್ಕದ ಬಾಟಲಿಯ ನೀರಿನಲ್ಲಿ ಕರವಸ್ತ್ರ ಒದ್ದೆ ಮಾಡಿ ಒಂದೊಂದನ್ನೇ ಒರೆಸಿದೆ. "ಆಯ್ತಾ?" ಎಂದರು ಒಳಗಿನಿಂದ. "ಆಯ್ತು" ಎಂದು ಖಾಲಿ ಚೀಲವನ್ನು ಕಂಕುಳಲ್ಲಿ ಅಡಗಿಸಿಕೊಂಡು ಬಂದೆ. ಮನೆ ಮುಟ್ಟುವಷ್ಟರಲ್ಲಿ ಫೋನು. "ಎಂಥ ಕಳ್ಳ ಮಾರಾಯ್ರೆ ನೀವು! ಒಂದು ಎಲೆಯೂ ಹೋಗ್ಲಿಲ್ಲ, ಎಲ್ಲ ಫಳಫಳ ಹೊಳೀತಾ ಉಂಟು. ಒಂದು ಉಪಕಾರ ಮಾಡಿ, ಪ್ರತಿ ಆದಿತ್ಯವಾರ ಕದಿಲಿಕ್ಕೆ ಬನ್ನಿ."

ತಪ್ಪದೆ ಹೋಗುತ್ತಿದ್ದೇನೆ. ಕತ್ತರಿಯನ್ನೂ ಒಯ್ಯುತ್ತೇನೆ, ಮರ್ಯಾದೆಗೆ.