ಘತ್ತರಗಿಗೆ ಹೋಗಿ ಊಟಕ್ಕೆ ಬಂದವನು

ಗುರುಶಾಂತ ಟೇಲರ್ ಜೀವಮಾನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ‘ನಾಳೆ ಬರ್ರಿ, ಗುಂಡಿ ಹಚ್ಚೋದಷ್ಟ ಬಾಕಿ ಅದ’ ಎನ್ನುವುದನ್ನು ಟೇಲರುಗಳು ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಜಿಡಗಾಕ್ಕೆ ಕನ್ಯೆ ನೋಡಲು ಹೋದಾಗ ಹೇಳಿದ ಸುಳ್ಳು ಅದು. ಗಂಡಸರು ಅಂಗಳದಲ್ಲಿ ಎತ್ತಿನ ಹಲ್ಲು ನೋಡುತ್ತ ನಿಂತಿದ್ದರು. ಒಳಗೆ ಉಪ್ಪಿಟ್ಟಿನ ತಾಟು ಹಿಡಿದು ಕೂತ ಗುರುಶಾಂತನನ್ನು ಕನ್ಯೆಯ ಸೋದರತ್ತೆ ಗೌರಾಬಾಯಿ ಅಡಿಯಿಂದ ಮುಡಿಯತನಕ ನೋಡಿದಳು.

“ಹುಡುಗ ಭಾಳ ಸಣ್ಣ ಅದಾನಲ್ಲ, ಗಾಳಿ ಬಿಟ್ರ ಹಾರಿ ಹೋಗ್ತಾನೇನೋ!”

ಬಾಗಿಲ ಹಿಂದೆ ಬಳೆ ಸದ್ದಾಯಿತು, ಜೊತೆಗೆ ಸಣ್ಣ ನಗೆಯೂ ಕೇಳಿತು. ಆ ನಗೆಯೇ ಅವನನ್ನು ಕೆಡಿಸಿದ್ದು.

“ಮೊನ್ನೆ ಅಮಾಸಿಗಿ ನಾಷ್ಟಾ ಮಾಡಿ ಆಳಂದದಾಗ ಸೈಕಲ್ ಹತ್ತಿದ್ನಿರಿ. ಘತ್ತರಗಿಗೆ ಹೋಗಿ, ಭಾಗ್ಯವಂತಿ ತಾಯಿ ದರ್ಶನ ತಗೊಂಡು, ಮಧ್ಯಾಹ್ನ ಊಟಕ್ಕ ಮನೀಗಿ ಬಂದ್ನಿ,” ಅಂದುಬಿಟ್ಟ.

ನಗೆ ನಿಂತಿತು. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ಮುಂದಿನ ತಿಂಗಳೇ ಮದುವೆಯಾಯಿತು.

ಆ ಕಣ್ಣಿನವಳೇ ವಿಜಯಶ್ರೀ. ಅಂದಿನಿಂದ ಆ ಮಾತನ್ನು ಅವಳು ಚಿನ್ನದ ಬೋರಮಾಳದಂತೆ ಕಾಪಾಡಿಕೊಂಡು ಬಂದಿದ್ದಳು. ಯಾರ ಮನೆಯ ಸೀಮಂತವಿರಲಿ, ಯಾರ ಮನೆಯ ಗೃಹಪ್ರವೇಶವಿರಲಿ, ಅದನ್ನು ಹಾಕಿಕೊಂಡೇ ಹೋಗುತ್ತಿದ್ದಳು. ಘತ್ತರಗಿ ಎಷ್ಟು ದೂರ ಎಂಬುದು ಅವಳಿಗೆ ತಿಳಿಯದು. ಬಸ್ಸು ಹತ್ತಿದರೆ ವಾಂತಿಯಾಗುತ್ತದೆಂದು ಕೂತ ಕೂಡಲೆ ಸೆರಗು ಮುಸುಕು ಹಾಕಿಕೊಂಡು ಮಲಗುವವಳು. ಅವಳ ಮಟ್ಟಿಗೆ ಘತ್ತರಗಿ ಒಂದು ನಿದ್ದೆಯಷ್ಟು ದೂರ.

ಈ ಜನವರಿಯಲ್ಲಿ ಕಲಬುರಗಿಯ ಸೈಕಲ್ ಹುಡುಗರ ಸಂಘದವರು ಆಳಂದದ ಬಜಾರಕ್ಕೆ ಬಂದರು. ಆಳಂದದಿಂದ ಹೊರಟು ಅಫಜಲಪುರ, ಘತ್ತರಗಿ, ಜೇವರ್ಗಿ, ಕಲಬುರಗಿ ಸುತ್ತಿ ಮತ್ತೆ ಆಳಂದಕ್ಕೆ ಬರಬೇಕು. ಇನ್ನೂರು ಕಿಲೋಮೀಟರು, ಹದಿಮೂರುವರೆ ತಾಸು. ಹಾದಿಯಲ್ಲಿ ಯಾವ ಗಾಡಿಯನ್ನೂ ಹತ್ತುವಂತಿಲ್ಲ. ಒಂದು ಕಾರ್ಡು ಕೊಡುತ್ತಾರೆ. ಊರೂರಿಗೂ ಅದರಲ್ಲಿ ಹೊತ್ತು ಬರೆಸಿ ಮುದ್ರೆ ಒತ್ತಿಸಿಕೊಳ್ಳಬೇಕು.

ಅಂಗಡಿಗೆ ಬುತ್ತಿ ತಂದಿದ್ದ ವಿಜಯಶ್ರೀ ಇದನ್ನು ಕೇಳಿದ್ದೇ ತಡ, “ನಮ್ಮನಿಯವ್ರ ಹೆಸರು ಬರ್ಕೊರಿ. ಅವ್ರು ಘತ್ತರಗಿಗೆ ಹೋಗಿ ಊಟಕ್ಕ ಬಂದವ್ರು,” ಅಂದಳು.

ಹೆಸರು ಬರೆಯುವ ಹುಡುಗ ಹೋಗಿಬರುವ ಕಿಲೋಮೀಟರುಗಳನ್ನು ಬೆರಳಲ್ಲಿ ಎಣಿಸಿದ, ನೂರೈವತ್ತರ ಮೇಲಾಯಿತು. ಗುರುಶಾಂತನ ಮುಖ ನೋಡಿದ. ಗುರುಶಾಂತ ಕಣ್ಣಿನಲ್ಲೇ ಕೈ ಮುಗಿದ. ಹುಡುಗ ಸುಮ್ಮನೆ ಬರೆದುಕೊಂಡ.

ಸತ್ಯ ಗೊತ್ತಿದ್ದವನು ಊರಿನಲ್ಲಿ ಒಬ್ಬನೇ, ಪಕ್ಕದ ಸೈಕಲ್ ರಿಪೇರಿ ಅಂಗಡಿಯ ಜಹೀರುದ್ದೀನ.

“ಅವತ್ತ ನಮ್ಮ ಅಬ್ಬಾನ ಕಡೆ ಒಂದ್ ತಾಸಿಗೆ ಸೈಕಲ್ ಬಾಡಿಗಿ ಒಯ್ದಿದ್ದಿ,” ಎಂದು ಅವನು ನಕ್ಕ. “ಅರ್ಧ ತಾಸಿಗೆ ಪಂಕ್ಚರ್ ಮಾಡ್ಕೊಂಡು ನೂಕ್ಕೊಂತ ಬಂದಿ. ಊರ ಅಗಸಿ ಬಾಗಿಲಾ ಸುದ್ದಾ ದಾಟಿದ್ದಿಲ್ಲ.”

“ಮೆಲ್ಲಕ ಮಾತಾಡೋ ಮಾರಾಯಾ. ಈಗೇನು ಮಾಡ್ಲಿ?”

“ಹೋಗಿ ಬಾ. ಇಪ್ಪತ್ತೈದು ವರ್ಷ ಮಷೀನ್ ತುಳಿದ ಕಾಲು ನಿಂದು. ಒಂದ್ ಗೇಣು ಮುಂದ ಹೋಗದ ಎಷ್ಟ್ ಸಾವಿರ ಮೈಲಿ ತುಳಿದಿದ್ದಿ! ಇದು ಮುಗಿಸಿದಿ ಅಂದ್ರ ನಿನ್ನ ಸುಳ್ಳು ಖರೆ ಆಗ್ತದ. ಮುಗಿಸ್ಲಿಲ್ಲ ಅಂದ್ರ...” ಜಹೀರುದ್ದೀನ ಕೈಯಲ್ಲಿದ್ದ ಗಾಲಿಯ ಗಾಳಿಯನ್ನು ಫುಸ್ಸೆಂದು ಬಿಟ್ಟ.

ಮನೆಯಲ್ಲಿದ್ದ ಸೈಕಲ್ಲು ಮಗಳು ಸೃಷ್ಟಿಗೆ ಎಂಟನೆಯ ತರಗತಿಯಲ್ಲಿ ಸರಕಾರ ಕೊಟ್ಟದ್ದು, ಮುಂದೆ ಬುಟ್ಟಿ ಇದ್ದದ್ದು. ಬುಟ್ಟಿ ಬಿಚ್ಚಬೇಕೆಂದರೆ ಬೋಲ್ಟು ತುಕ್ಕು ಹಿಡಿದು ಅಲುಗಲಿಲ್ಲ. ದೂರದಿಂದ ಕಾಣುವಂಥ ಬಣ್ಣದ ಅಂಗಿ ಬೇಕೆಂದು ಸಂಘದವರು ಹೇಳಿದ್ದರು. ಯಾವುದೋ ಮದುವೆಯ ಅರಿಷಿಣ ಬಣ್ಣದ ಬಟ್ಟೆ ಉಳಿದಿತ್ತು, ಅದರಲ್ಲೇ ಅಂಗಿ ಹೊಲಿದುಕೊಂಡ. ಕೂರುವಲ್ಲಿ ನೋಯದಿರಲೆಂದು ಚಡ್ಡಿಯೊಳಗೆ ಹಳೆ ಕೌದಿಯ ತುಂಡು ಇಟ್ಟು ಹೊಲಿದ. ಹಿಂದಿನಿಂದ ನೋಡಿದರೆ ತಲೆದಿಂಬೊಂದು ಎದ್ದು ನಡೆದಂತಿತ್ತು.

ಹೊರಡುವ ದಿನ ಬೆಳಿಗ್ಗೆ ಆರಕ್ಕೆ ವಿಜಯಶ್ರೀ ಅವನ ಹಣೆಗೆ ಮೂರು ಬೆರಳು ವಿಭೂತಿ ಬಳಿದು, ಬುಟ್ಟಿಯಲ್ಲಿ ಒಂದು ತೆಂಗಿನಕಾಯಿ ಇಟ್ಟಳು.

“ತಾಯಿಗೆ ಒಡಿಸ್ಕೊಂಡು ಪ್ರಸಾದ ತರ್ರಿ. ಕಾರ್ಡು ಜ್ವಾಕಿ. ಅದಕ್ಕ ಗಾಜಿನ ಕಟ್ಟ ಹಾಕಿಸಿ ಪಡಸಾಲ್ಯಾಗ ತೂಗಹಾಕ್ತೇನಿ.”

ಗಾಲಿಗೆ ಕಡೆಯ ಬಾರಿ ಗಾಳಿ ಹೊಡೆಯುತ್ತ ಜಹೀರುದ್ದೀನ ಕಿವಿಯಲ್ಲಿ, “ಹಿಂದಿನಿಂದ ಗಾಳಿ ಸಿಕ್ರ ಬಿಡಬ್ಯಾಡ. ಅರ್ಧ ಕೆಲಸ ಅದ ಮಾಡ್ತದ,” ಅಂದ.

ಉಳಿದ ಸವಾರರು ಹದ್ದುಗಳಂತೆ ಹಾರಿಹೋದರು. ಗುರುಶಾಂತ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎದೆಯ ಹತ್ತಿರ ಹೊಲಿದುಕೊಂಡಿದ್ದ ಒಳಜೇಬಿನಲ್ಲಿಟ್ಟು ತನ್ನ ಮಷೀನಿನ ಲಯದಲ್ಲೇ ತುಳಿಯತೊಡಗಿದ. ಮಷೀನು ತುಳಿದಾಗ ಎದುರಿಗೆ ಕಾಣುವುದು ಗೋಡೆಯ ಕ್ಯಾಲೆಂಡರು. ಇಲ್ಲಿ ತೊಗರಿ ಹೊಲಗಳು ಬರುತ್ತಿದ್ದವು, ಹಾಲುಗಾಳಿನ ಬಿಳಿಜೋಳ ಬರುತ್ತಿತ್ತು, ಕುಸುಬೆ ಹೂವು ಬರುತ್ತಿತ್ತು. ಅರೆ, ಇದೆಲ್ಲ ಇಲ್ಲೇ ಇತ್ತೇ ಎಂದು ಅವನಿಗೆ ಸೋಜಿಗವಾಯಿತು. ಬಸ್ಸಿನಲ್ಲಿ ಹೋದಾಗ ಪಕ್ಕದವನ ಭುಜವನ್ನು ಬಿಟ್ಟು ಬೇರೇನನ್ನೂ ಅವನು ನೋಡಿರಲಿಲ್ಲ.

ಮೊದಲನೆ ಹಳ್ಳಿಯಲ್ಲಿ ನೀರು ಕೇಳಲು ನಿಂತ. ಕಟ್ಟೆಯ ಮೇಲೆ ಕೂತಿದ್ದ ರುಕ್ಮಿಣಿಬಾಯಿ ಎಂಬ ಮುದುಕಿ ಕೊಡ ಬಗ್ಗಿಸುತ್ತ ಕೇಳಿದಳು.

“ಎಲ್ಲಿಂದ ಬಂದ್ಯೋ ಎಪ್ಪಾ?”

“ಆಳಂದದಿಂದವ್ವಾ.”

“ಎಲ್ಲಿಗಿ ಹೊಂಟಿ?”

“ಆಳಂದಕ್ಕ.”

ಮುದುಕಿ ಕೊಡ ಕೆಳಗಿಟ್ಟಳು. “ಮತ್ತ ಅಲ್ಲೇ ಕುಂತಿದ್ರ ಆಗತಿದ್ದಿಲ್ಲೇನು?”

“ಹಂಗಲ್ಲವ್ವಾ. ಘತ್ತರಗಿ ಮ್ಯಾಲಿಂದ ಹಾಯ್ದು...”

ಘತ್ತರಗಿಯ ಹೆಸರು ಕೇಳಿದ ಕೂಡಲೆ ಅವಳಿಗೆ ಎಲ್ಲ ಅರ್ಥವಾಯಿತು. ಅರಿಷಿಣ ಅಂಗಿ, ಹಣೆಯ ವಿಭೂತಿ, ಬುಟ್ಟಿಯ ಕಾಯಿ, ಎಲ್ಲ ಒಂದಕ್ಕೊಂದು ಕೂಡಿಬಂದವು. “ಹರಕಿ ಹೊತ್ತೀಯೇನೋ ಎಪ್ಪಾ! ಮೊದಲ ಹೇಳಬಾರದೇನು?” ಎಂದು ಒಳಗೆ ಹೋಗಿ ಒಂದು ಕಾಯಿ ತಂದಳು. “ನಮ್ಮ ಸೊಸಿಗಿ ದಿನ ತುಂಬ್ಯಾವ. ನಿನ್ನ ಕೈಲೆ ತಾಯಿಗೆ ಮುಟ್ಟಿಸು. ಪ್ರಸಾದ ನಂಗ ಮುಟ್ಟಬೇಕು.”

ದೇವರ ಕಾಯಿ. ಒಲ್ಲೆ ಎನ್ನಲು ನಾಲಿಗೆ ಏಳಲಿಲ್ಲ. “ನಾ ಈ ದಾರೀಲೆ ಬರಾಂಗಿಲ್ಲವ್ವಾ,” ಎಂದದ್ದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂಗಡಿಯ ಫೋನ್ ನಂಬರು ಬರೆಸಿಕೊಂಡಳು. ಗುರುಶಾಂತ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ತೆಗೆದು ಕಾಯಿಯ ಮೇಲೆ ‘ರುಕ್ಮಿಣಿಬಾಯಿ, ನೀರಿನ ಕಟ್ಟೆ’ ಎಂದು ಬರೆದ. ಗಿರಾಕಿಯ ವಸ್ತುವಿನ ಮೇಲೆ ಹೆಸರು ಬರೆಯದಿದ್ದರೆ ಅವನ ಕೈಗೆ ಸಮಾಧಾನವಿಲ್ಲ.

ಸೈಕಲ್ಲಿಗಿಂತ ಫೋನು ಜೋರು. ಎರಡನೆಯ ಹಳ್ಳಿಯಲ್ಲಿ ಕಟಗಿ ಅಡ್ಡೆಯ ಕಾಕಾನೂ ಸೇರಿ ನಾಲ್ಕು ಜನ ಕಾಯಿ ಹಿಡಿದು ರಸ್ತೆಗೇ ಬಂದು ನಿಂತಿದ್ದರು. ಮೂರನೆಯದರಲ್ಲಿ ಆರು ಜನ. ಅಷ್ಟರಲ್ಲಿ ಸುದ್ದಿಯೂ ಬೆಳೆದಿತ್ತು. ಒಬ್ಬ, “ಮೂರು ದಿನದಿಂದ ಅನ್ನ ಬಿಟ್ಟೀರಂತ, ಖರೇ ಏನ್ರಿ?” ಎಂದು ಕೇಳಿದ. ಅಂಗಡಿಯ ಕಟ್ಟೆಯಲ್ಲಿ ಬಾಯ್ತುಂಬ ಬಜಿ ಇಟ್ಟುಕೊಂಡಿದ್ದ ಗುರುಶಾಂತನಿಗೆ ನುಂಗುವುದೋ ಉಗುಳುವುದೋ ತಿಳಿಯಲಿಲ್ಲ.

ಅಫಜಲಪುರದಲ್ಲಿ ಮುದ್ರೆ ಒತ್ತುವ ಜಾಗ ಪೀರಸಾಬನ ಚಹದ ಹೋಟೆಲು. ಕಾರ್ಡಿನಲ್ಲಿ ಒಂಬತ್ತು ನಲವತ್ತು ಎಂದು ಬರೆದರು. ಪೀರಸಾಬ ಚಹ ಸೋಸುತ್ತ ಬುಟ್ಟಿ ನೋಡಿದ, ಗಾಲಿ ನೋಡಿದ, ಹಿಂಬದಿಯ ದಿಂಬು ನೋಡಿದ.

“ಎಲ್ಲಾ ಬರೋಬ್ಬರಿ ಅದ ಟೇಲರ್ ಸಾಹೇಬ್ರ, ಒಂದ್ ತಿಳೀವಲ್ದು. ಹೊಂಟಲ್ಲಿಗೇ ಬರೋದಿದ್ರ ಜಲ್ದಿ ಯಾಕ?”

ಗುರುಶಾಂತ ಚಹವನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಈ ಪ್ರಶ್ನೆ ಮುಂದೆ ಹತ್ತು ಮೈಲಿ ಅವನ ಜೊತೆಗೇ ಬಂತು. ಪೀರಸಾಬನ ಕಾಯಿಯೂ ಬಂತು: “ನಮ್ಮ ಮನಿಯಾಕಿ ಅಮೀರುನ್ನಿಸಾಗ ಕಣ್ಣಿನ ಆಪರೇಶನ್ ಅದ. ತಾಯಿಗೆ ಹೇಳ್ರಿ.”

ಅಫಜಲಪುರ ದಾಟುವಾಗ ಅಲ್ಲಿಯ ಬಜಾರದವರ ನಾಲ್ಕೂ ಸೇರಿ ಕಾಯಿ ಹದಿನೇಳಾಗಿದ್ದವು. ಬುಟ್ಟಿ ತುಂಬಿ, ಹ್ಯಾಂಡಲ್ಲಿನ ಎರಡೂ ಕಡೆ ಚೀಲ ತೂಗಿ, ಸೈಕಲ್ಲು ಮದವೇರಿದ ಹೋರಿಯಂತೆ ತಾನು ನೋಡಿದ ಕಡೆಗೇ ಎಳೆಯುತ್ತಿತ್ತು. ಒಂದು ತಿರುವಿನಲ್ಲಿ ಅದು ತೊಗರಿ ಹೊಲಕ್ಕೇ ನುಗ್ಗಿತು. ಕಾಯಿಗಳು ಉರುಳಿದವು. ಗುರುಶಾಂತ ಮೊಣಕಾಲೂರಿ, “ರುಕ್ಮಿಣಿಬಾಯಿ ಬಂದ್ಳು, ಪೀರಸಾಬ ಬಂದ, ಮತ್ತ ಕಟಗಿ ಅಡ್ಡೆ ಕಾಕಾ ಎಲ್ಲಿ?” ಎಂದು ಎಣಿಸುವುದನ್ನು ಕಂಡ ಹೊಲದ ಆಳುಗಳು ದೂರದಿಂದಲೇ ಕೈ ಮುಗಿದರು. ಮೈಮೇಲೆ ದೇವಿ ಬಂದಿದ್ದಾಳೆಂದುಕೊಂಡರು.

ಅಂದೋಲಾದ ಕಡೆಯ ಜೀಪೊಂದು ನಿಂತಿತು. “ಹತ್ರಿ ಅಣ್ಣಾರ, ಸೈಕಲ್ ಮ್ಯಾಲ ಹಾಕೋಣು. ಗುಡಿ ಮುಂದ ಇಳಸ್ತೀವಿ.” ಗುರುಶಾಂತನ ಕಾಲೆರಡೂ ಹತ್ತೋಣ ಎಂದವು. ಎದೆಯ ಹತ್ತಿರ ಕಾರ್ಡು ಚುಚ್ಚಿತು. ಬಾಗಿಲ ಸಂದಿಯ ಕಣ್ಣು ನೆನಪಾಯಿತು. ಬೇಡವೆಂದ.

ಘತ್ತರಗಿಯಲ್ಲಿ ಮುದ್ರೆ ಬಿದ್ದಾಗ ಹನ್ನೊಂದು ನಲವತ್ತು. ಪೂಜಾರಿ ಹದಿನೇಳು ಕಾಯಿಗಳನ್ನೂ ಹೆಸರು ಓದಿ ಒಡೆದು, ಹೆಸರಿದ್ದ ಅರ್ಧ ಹೋಳನ್ನು ಕುಂಕುಮ ಹಚ್ಚಿ ವಾಪಸು ಕೊಟ್ಟ. ಹೊರಗೆ ಭೀಮೆ ಮೆಲ್ಲಗೆ ಹರಿಯುತ್ತಿದ್ದಳು. ಗುರುಶಾಂತ ಒಂದು ಗಳಿಗೆ ನಿಂತು ನೋಡಿದ. ನಾ ಬಂದೇನಿ ತಾಯಿ, ಖರೇನೇ ಬಂದೇನಿ, ಎಂದು ಮನಸ್ಸಿನಲ್ಲಿ ಅಂದುಕೊಂಡ. ಕಣ್ಣು ತೇವವಾದವು. ಆಮೇಲೆ ಹೊತ್ತು ನೋಡಿ ಓಡಿದ.

ಭೀಮೆಯ ಆಚೆ ಹಿಂದಿನಿಂದ ಗಾಳಿ ಸಿಕ್ಕಿತು. ಜೇವರ್ಗಿಯತನಕ ಗಾಳಿಯೇ ದೂಡಿತು. ಅಲ್ಲಿಂದ ಕಲಬುರಗಿಯತನಕ ಹಸಿವು ದೂಡಿತು. ಕಲಬುರಗಿಯಿಂದ ಮುಂದೆ ಯಾರು ದೂಡಿದರೋ ಅವನಿಗೆ ಗೊತ್ತಿಲ್ಲ. ಕೌದಿಯ ತುಂಡು ಎಂದೋ ತಗಡಾಗಿತ್ತು. ಎರಡು ಆಡುಗಳು ಪ್ರಸಾದದ ವಾಸನೆ ಹಿಡಿದು ಒಂದು ಮೈಲಿ ಬೆನ್ನು ಹತ್ತಿದವು. ಅವುಗಳ ದೆಸೆಯಿಂದ ಆ ಒಂದು ಮೈಲಿ ಮಾತ್ರ ಬಹಳ ಬೇಗ ಕಳೆಯಿತು.

ಏಳು ಇಪ್ಪತ್ತೆರಡಕ್ಕೆ ಆಳಂದದ ಬಜಾರದಲ್ಲಿ ಸೈಕಲ್ಲು ನಿಂತಿತು. ಎಂಟು ನಿಮಿಷ ಇನ್ನೂ ಉಳಿದಿದ್ದವು. ಇಳಿಯಲು ಬಾರದೆ ಕೂತವನನ್ನು ಜಹೀರುದ್ದೀನನೇ ಎತ್ತಿ ಇಳಿಸಿದ. ಕಡೆಯ ಮುದ್ರೆ ಬಿತ್ತು. ಹುಡುಗರು ಚಪ್ಪಾಳೆ ಹೊಡೆದರು. ಜಿಡಗಾದಿಂದ ಬಂದಿದ್ದ ಗೌರಾಬಾಯಿ ಹಾರ ಹಾಕಿ, “ಗಾಳಿಗಿ ಹಾರಲಿಲ್ಲ ಬಿಡು ನಮ್ಮ ಅಳಿಯ!” ಅಂದಳು.

“ಖರೆ ಆಯ್ತೋ,” ಎಂದು ಜಹೀರುದ್ದೀನ ಕಿವಿಯಲ್ಲಿ ಪಿಸುಗುಟ್ಟಿದ. ಇಪ್ಪತ್ತೆರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಇಸ್ತ್ರಿಪೆಟ್ಟಿಗೆಯನ್ನು ಯಾರೋ ಎತ್ತಿದಂತಾಯಿತು ಗುರುಶಾಂತನಿಗೆ. ಒಳಜೇಬಿನಿಂದ ಕಾರ್ಡು ತೆಗೆದು, ಎರಡೂ ಕೈಯಲ್ಲಿ ಹೆಂಡತಿಗೆ ಕೊಟ್ಟ.

ವಿಜಯಶ್ರೀ ಅದನ್ನು ಕಣ್ಣಿಗೊತ್ತಿಕೊಂಡಳು. ದೀಪದ ಕೆಳಗೆ ಹಿಡಿದು, ಗಾಜಿನ ಕಟ್ಟಿನಲ್ಲಿ ಹೇಗೆ ಕಾಣುವುದೋ ಎಂದು ನೋಡಿದಳು. ಬೆರಳಿಟ್ಟು ಓದತೊಡಗಿದಳು.

“ಆಳಂದ, ಆರು. ಅಫಜಲಪುರ, ಒಂಬತ್ತು ನಲವತ್ತು. ಘತ್ತರಗಿ...” ಬೆರಳು ನಿಂತಿತು. “ಘತ್ತರಗಿಗೆ ಮುಟ್ಟಿದಾಗೇ ಹನ್ನೊಂದು ನಲವತ್ತಾ?”

“ಹೂಂ,” ಎಂದ ಗುರುಶಾಂತ ಹೆಮ್ಮೆಯಿಂದ. ಅಂದ ಮೇಲೆ ಹೆಮ್ಮೆ ಎಲ್ಲಿಗೋ ಹೋಯಿತು.

“ಆರಕ್ಕ ಬಿಟ್ರೂ ಹನ್ನೊಂದು ನಲವತ್ತು. ಅವತ್ತ ನಾಷ್ಟಾ ಮಾಡಿ ಬಿಟ್ಟವ್ರು, ದರ್ಶನ ತಗೊಂಡು, ಮಧ್ಯಾಹ್ನ ಊಟಕ್ಕ ಹೆಂಗ ಮನೀಗಿ ಬಂದಿದ್ರಿ?”

ಜಹೀರುದ್ದೀನ ಗಟ್ಟಿಯಾಗಿದ್ದ ಗಾಲಿಯೊಂದಕ್ಕೆ ಮತ್ತೆ ಗಾಳಿ ಹೊಡೆಯತೊಡಗಿದ.

“ಅದು... ಅವತ್ತ ಹಿಂದಿನಿಂದ ಗಾಳಿ ಇತ್ತು,” ಎಂದ ಗುರುಶಾಂತ.

“ಹೋಗೋವಾಗೂ?”

“ಹೂಂ.”

“ಬರೋವಾಗೂ?”

ಗುರುಶಾಂತ ಹಾರದ ಹೂವೊಂದನ್ನು ಕಿತ್ತು ಅದರ ದಳ ನೋಡುತ್ತ ನಿಂತ. ವಿಜಯಶ್ರೀ ಕಾರ್ಡನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬುಟ್ಟಿಯ ಹೋಳುಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದಳು. ಅವಳ ಮುಖದಲ್ಲಿ ಸಿಟ್ಟಿತ್ತೋ ನಗೆಯಿತ್ತೋ, ದೀಪದ ಬೆಳಕಿಗೆ ಬೆನ್ನಾಗಿದ್ದರಿಂದ ಕಾಣಲಿಲ್ಲ.

“ರುಕ್ಮಿಣಿಬಾಯಿ ಅನ್ನೋರು ಫೋನ್ ಮಾಡಿದ್ರು. ಸೊಸಿಗೆ ಗಂಡು ಆಗ್ಯಾದಂತ. ಪ್ರಸಾದ ಎಲ್ಲಿ ಅಂತ ಕೇಳಾಕತ್ತಿದ್ರು. ನಾಳೆ ಮುಂಜಾನೆ ಎಲ್ಲರ ಮನೀಗಿ ಮುಟ್ಟಿಸ್ತಾರ ಅಂತ ಹೇಳೇನಿ.”

“ನಾಳೆ? ಸೈಕಲ್ ಮ್ಯಾಲ?”

“ಮತ್ತ? ಘತ್ತರಗಿತನಕ ಏನೂ ಇಲ್ಲಲ್ಲ, ಅಫಜಲಪುರತನಕ ಅಷ್ಟ,” ಅಂದಳು ವಿಜಯಶ್ರೀ. “ಆರಾಮ ನಾಷ್ಟಾ ಮಾಡಿ ಹೋಗ್ರಿ. ಮಧ್ಯಾಹ್ನ ಊಟಕ್ಕ ಬರ್ರಿ, ರೊಟ್ಟಿ ಬಿಸಿ ಇಟ್ಟಿರ್ತೇನಿ.”