ತಣ್ಣನೆಯ ಎಂಜಿನ್ನಿಗೆ ಮೂರು ಲೀಟರ್ ಹೊಟ್ಟೆಕಿಚ್ಚು

ಚಿಕ್ಕೋಡಿಯಂಥ ಊರಿನಲ್ಲಿ ಆಯಿಲ್ ಅಂಗಡಿ ಇಟ್ಟುಕೊಂಡು, ಎಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಎಂದು ನೋಡಲು ಬಾರದವನು ನಾನೊಬ್ಬನೇ ಇರಬೇಕು. ಬೇರೆಯವರು ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ತುಂಬಿದ್ದ ಎಂಜಿನ್ನಿಗೆ ಮತ್ತೆ ಮೂರು ಲೀಟರ್ ಸುರಿದವನು ನಾನೇ. ಅವಸರವಿರಲಿಲ್ಲ, ಯಾರ ಒತ್ತಾಯವೂ ಇರಲಿಲ್ಲ. ಎಳೆಬಿಸಿಲಿನಲ್ಲಿ, ಅಂಗಿಯ ತೋಳು ಮಡಚಿಕೊಂಡು, ಬಹಳ ಸಂತೋಷದಿಂದ ಸುರಿದೆ. ಆ ಸಂತೋಷದಿಂದಲೇ ಕೆಲಸ ಕೆಟ್ಟಿದ್ದು. ಸಿಟ್ಟಿನಲ್ಲಿ ತಪ್ಪು ಮಾಡುವವನು ಅರ್ಧಕ್ಕಾದರೂ ನಿಲ್ಲಿಸುತ್ತಾನೆ. ಹೊಟ್ಟೆಕಿಚ್ಚಿನವನಿಗೆ ಸಂತೋಷವಾದರೆ ಡಬ್ಬಿ ಖಾಲಿಯಾಗುವವರೆಗೂ ಕೈ ನಿಲ್ಲುವುದಿಲ್ಲ.

ಸದಲಗಾದ ಸನ್ಮತಿ ನಮ್ಮ ಕಾಕಾನ ಮಗ, ನನಗಿಂತ ನಾಲ್ಕು ತಿಂಗಳು ಸಣ್ಣವ. ಈ ನಾಲ್ಕು ತಿಂಗಳ ಹಿರಿತನದ ಮೇಲೆ ನಾನು ಇಷ್ಟು ವರ್ಷ ಬದುಕಿದ್ದೇನೆ. ಅವನು ನನ್ನನ್ನು ದಾದಾ ಎನ್ನುತ್ತಾನೆ, ನಾನು ಗಂಭೀರವಾಗಿ ಹೂಂ ಎನ್ನುತ್ತೇನೆ. ದೂಧಗಂಗೆಯಲ್ಲಿ ಅವನಿಗೆ ಈಜು ಕಲಿಸಿದವನು ನಾನು. ಕಲಿತ ಮೇಲೆ ಅವನು ಎರಡು ಸಲ ನನ್ನ ಕೂದಲು ಹಿಡಿದು ದಡಕ್ಕೆ ಎಳೆದು ತಂದ, ಆ ಮಾತು ಬೇರೆ. ಹತ್ತನೆಯ ತರಗತಿಯಲ್ಲಿ ಅವನಿಗೆ ಹೆಚ್ಚು ಮಾರ್ಕ್ಸ್ ಬಂದಾಗ ಸಹಿಸಿಕೊಂಡೆ. ಅವನ ಎಮ್ಮೆ ನನ್ನ ಎಮ್ಮೆಗಿಂತ ಹೆಚ್ಚು ಹಾಲು ಕೊಟ್ಟಾಗಲೂ ಸಹಿಸಿಕೊಂಡೆ, ಎಮ್ಮೆಗೆ ನಮ್ಮಿಬ್ಬರ ವಿಷಯ ಗೊತ್ತಿರಲಿಲ್ಲವಲ್ಲ. ಆದರೆ ಎರಡು ತಿಂಗಳ ಹಿಂದೆ ಅವನು ಪುಣೆಯ ಮುದುಕರೊಬ್ಬರಿಂದ ಒಂದು ಹಳೆಯ ಹಳದಿ ಸ್ಪೋರ್ಟ್ಸ್ ಕಾರು ತಂದ. ಅದರ ಎಂಜಿನ್ ಹಿಂದುಗಡೆ. ರೇಡಿಯೇಟರ್ ಇಲ್ಲ, ನೀರು ಹಾಕುವಂತಿಲ್ಲ, ಗಾಳಿಯಲ್ಲೇ ತಣ್ಣಗಾಗಬೇಕು.

ಕಾರು ತಂದದ್ದನ್ನೂ ಸಹಿಸುತ್ತಿದ್ದೆನೋ ಏನೋ. ಆದರೆ ಅದರಲ್ಲಿ ನಮ್ಮ ಅಜ್ಜಿ ಕೂತಳು. ನನ್ನ ಕಾರಿನಲ್ಲಿ ಬಸದಿಗೆ ಕರೆದೊಯ್ಯುತ್ತೇನೆಂದರೆ ಮಂಡಿ ಹಿಡಿದುಕೊಂಡು "ಒಲ್ಲೆಪಾ, ಕಾಲ ಎತ್ತಾಕ ಆಗಂಗಿಲ್ಲ" ಎನ್ನುವ ಅಜ್ಜಿ, ನೆಲದಿಂದ ಒಂದೇ ಗೇಣು ಎತ್ತರವಿರುವ ಆ ಕಾರಿನೊಳಗೆ ಮೀನಿನ ಹಾಗೆ ಜಾರಿ ಕೂತಿದ್ದಳು. ಆ ವಿಡಿಯೊ ಮನೆಯವರ ಗ್ರೂಪಿಗೆ ಬಂತು. ಬೀಗರೆಲ್ಲ ಹೃದಯದ ಗುರುತು ಹಾಕಿದರು. ನಾನು ಎರಡು ದಿನ ಬಿಟ್ಟು ಒಂದು ಹೆಬ್ಬೆರಳು ಹಾಕಿದೆ.

ಹೀಗಿರುವಾಗ ಅವನ ಫೋನ್ ಬಂತು. "ದಾದಾ, ಮುಂದಿನ ಐತವಾರ ಕೊಲ್ಲಾಪುರದಾಗ ಹಳೇ ಗಾಡಿಗೋಳ ಮೇಳ ಐತಿ. ಹತ್ತಕ್ಕ ಅಲ್ಲಿರಬೇಕು, ಗಾಡಿ ಕೊಟ್ಟ ಪುಣೆದ ಅಜ್ಜಾರೂ ಬರ್ತಾರ. ಅದಕ್ಕ ಮೊದಲ ಆಯಿಲ್ ಬದಲಿ ಮಾಡಬೇಕು. ಯಾವುದು ಹಾಕಲಿ ಹೇಳು. ನೀ ಅಂದದ್ದ ಖರೆ."

ನೀ ಅಂದದ್ದ ಖರೆ. ಅಷ್ಟು ದೊಡ್ಡ ಅಧಿಕಾರವನ್ನು ಹೊಟ್ಟೆಕಿಚ್ಚಿರುವವನ ಕೈಗೆ ಕೊಡಬಾರದು. ನನ್ನ ಅಂಗಡಿಯ ಕಪಾಟಿನಲ್ಲಿ ಹೊಸ ಕಾರುಗಳಿಗೆ ಹಾಕುವ ತೆಳ್ಳನೆಯ ಆಯಿಲ್ ಇದೆ. ಡಬ್ಬಿ ಮಿರಮಿರ ಮಿಂಚುತ್ತದೆ, ಒಳಗಿನದು ಮಜ್ಜಿಗೆಗಿಂತ ತೆಳು. ಹಳೆಯ ಎಂಜಿನ್ನಿಗೆ ಹಾಕಿದರೆ ಸವೆದ ಸೀಲುಗಳ ಸಂದಿಯಿಂದ ತೊಟ್ಟಿಕ್ಕುತ್ತದೆ. ಹೆಚ್ಚೇನೂ ಬೇಡ, ಮೇಳದಲ್ಲಿ ಎಲ್ಲರೆದುರು ಕಾರಿನ ಕೆಳಗೆ ಒಂದು ಕರೀ ಕಲೆ ಬಿದ್ದರೆ ಸಾಕು ಎಂದುಕೊಂಡು ಎರಡು ದಿನ ಆ ಡಬ್ಬಿಯನ್ನು ಟೇಬಲ್ ಮೇಲಿಟ್ಟು ನೋಡಿದೆ. ಕೊನೆಗೆ ಒಳಗಿಟ್ಟೆ. ಧರ್ಮಬುದ್ಧಿ ಬಂತು ಎಂದು ತಿಳಿಯಬೇಡಿ. ಎಂಜಿನ್ ಕೆಟ್ಟರೆ ಜನ ಆಡಿಕೊಳ್ಳುವುದು ನನ್ನ ಅಂಗಡಿಯನ್ನು.

ಹಾಗಾಗಿ ಓದಿ, ಕೇಳಿ, ಸರಿಯಾದದ್ದನ್ನೇ ಆರಿಸಿದೆ. ನೀರಿಲ್ಲದ ಎಂಜಿನ್ನಿನಲ್ಲಿ ಆಯಿಲ್ಲಿಗೆ ಎರಡು ಕೆಲಸ: ಜಾರಿಸಬೇಕು, ಕಾವನ್ನೂ ಹೊರಬೇಕು. ಆದ್ದರಿಂದ ಟ್ವೆಂಟಿ-ಫಿಫ್ಟಿ ಎನ್ನುವ ದಪ್ಪ ಜಾತಿಯದು ಬೇಕು, ಲೋಹ ಸವೆಯದಂತೆ ಅದರಲ್ಲಿ ಜಿಂಕ್ ಹೆಚ್ಚಿರಬೇಕು. ಊಟಕ್ಕೆ ಕೂತಾಗ ಇದನ್ನು ಅಪ್ಪನಿಗೆ ವಿವರಿಸಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಜಿಂಕ್ ನಾವು ಕಬ್ಬಿಗಿ ಹಾಕ್ತೀವಿ. ಅವನ ಗಾಡಿ ಏನ ಕಬ್ಬಿನಂಗ ಗಣಿಕಿ ಬಿಡತೈತೇನು?" ಎಂದ. ಆಮೇಲೆ, "ಟ್ರ್ಯಾಕ್ಟರ್ ಆಯಿಲ್ ಒಯ್ದು ಹಾಕು, ಎಂಜಿನ್ ಅಂದ ಮ್ಯಾಲ ಎಲ್ಲಾ ಒಂದ" ಎಂದ. ಅಪ್ಪನ ಮಾತು ಕೇಳಲಿಲ್ಲ. ಈ ವಿಷಯದಲ್ಲಿ ಕೇಳಲಿಲ್ಲ ಎನ್ನಬೇಕು. ಕೇಳಬಾರದ ಇನ್ನೊಂದು ವಿಷಯದಲ್ಲಿ ಸರಿಯಾಗಿ ಕೇಳಿದೆ.

ಶನಿವಾರ ಮಧ್ಯಾಹ್ನ ಒಂದೊಂದು ಲೀಟರಿನ ಹನ್ನೆರಡು ಡಬ್ಬಿಗಳೊಂದಿಗೆ ಸದಲಗಾಕ್ಕೆ ಹೋದೆ. ಕಾರನ್ನು ಕಣ್ಣಾರೆ ನೋಡಿದ್ದು ಅಂದೇ. ನಾಚಿಕೆಗೇಡಿನ ಮಾತು, ಬಹಳ ಚೆಂದವಿತ್ತು. ಸನ್ಮತಿ ಹಳೆಯ ಆಯಿಲ್ ಇಳಿಸಿ ಹೊಸದು ತುಂಬಿದ. ನಾನು ಕುರ್ಚಿಯಲ್ಲಿ ಕೂತು ಬೋಧಿಸಿದೆ. ಒಂಬತ್ತು ಲೀಟರ್ ಹಿಡಿಯಿತು. ಆಮೇಲೆ ಅವನು ಎಂಜಿನ್ ಚಾಲೂ ಮಾಡಿದ. ಆ ಸಪ್ಪಳ ಎಷ್ಟು ಚೆಂದವಿತ್ತೆಂದರೆ ಕೇಳಲಾಗದೆ ಚಹಾದ ನೆಪ ಮಾಡಿ ಒಳಗೆ ಹೋದೆ. ಅದೇ ಹೊತ್ತಿಗೆ ಹೊರಗೆ ಅವನು ಆಯಿಲ್ ನೋಡುವ ಕಡ್ಡಿ ಎಳೆದು ಅಳತೆ ನೋಡುತ್ತಿದ್ದನಂತೆ. ಪಾಠ ನಡೆಯುವಾಗ ಹೊರಗಿರುವುದು ನನಗೆ ಶಾಲೆಯಿಂದಲೂ ಬಂದ ಅಭ್ಯಾಸ.

ರಾತ್ರಿ ಅಲ್ಲೇ ಉಳಿದು, ಮರುದಿನ ಎಲ್ಲರಿಗಿಂತ ಮೊದಲೇ ಎದ್ದೆ. "ಆಯಿಲ್ ಮುಂಜಾನೆ ನೋಡಬೇಕು. ತಣ್ಣನ ಎಂಜಿನ್ ಸುಳ್ಳ ಹೇಳಂಗಿಲ್ಲ" ಎಂಬುದು ನಮ್ಮ ಅಪ್ಪನ ಟ್ರ್ಯಾಕ್ಟರ್ ಸೂತ್ರ. ಕಡ್ಡಿ ಎಳೆದೆ. ಒಣ ಒಣ. ಒರೆಸಿ ಮತ್ತೆ ಇಳಿಸಿದೆ. ಹನಿ ಇಲ್ಲ. ಆಗ ನನಗಾದ ಆನಂದವನ್ನು ಹೇಗೆ ಹೇಳಲಿ. ಕಾರು ತಂದವನಿಗೆ ಆಯಿಲ್ ತುಂಬಲು ಬರುವುದಿಲ್ಲ. ಉಳಿದ ಮೂರೂ ಲೀಟರ್ ಸುರಿದು, ಖಾಲಿ ಡಬ್ಬಿ ನನ್ನ ಚೀಲಕ್ಕೆ ಸೇರಿಸಿ, ಬಾಯಿ ಮುಚ್ಚಿಕೊಂಡೆ. ಎಂಜಿನ್ ಉಳಿಸಿದವನು ಯಾರು ಎಂಬುದನ್ನು ಕೊಲ್ಲಾಪುರದಲ್ಲಿ, ಪುಣೆಯ ಮುದುಕರೆದುರು, ನಿಧಾನವಾಗಿ ಹೊರಹಾಕಬೇಕೆಂದು ಲೆಕ್ಕ ಹಾಕಿದ್ದೆ.

ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಜನ ನಿಂತು ಕೈ ಬೀಸಿದರು. ಕಾರು ನನ್ನದೇ ಎನ್ನುವ ಹಾಗೆ ನಾನು ತಿರುಗಿ ಕೈ ಬೀಸಿದೆ. ನಿಪ್ಪಾಣಿ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಹಿಂದಿನ ಜಗತ್ತು ಕಾಣದಾಯಿತು. ಬಿಳೀ ಹೊಗೆ. ಅದರೊಳಗಿಂದ ಕೆಮ್ಮುತ್ತ ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಏನ್ರಿ, ಬೆಲ್ಲದ ಗಾಣಾ ಗಾಡ್ಯಾಗ ಇಟಗೊಂಡ ಹೊಂಟೀರೇನು?" ಎಂದು ಕೇಳಿ ಮುಂದೆ ಹೋದ. ಸನ್ಮತಿಯ ಮುಖ ಸುಣ್ಣವಾಯಿತು. "ದಾದಾ, ಎಂಜಿನ್ ಹೋತೇನೊ" ಎಂದ. ಎರಡು ತಿಂಗಳಿಂದ ನಾನು ಬಯಸಿದ್ದು ಇದನ್ನೇ. ಬಂದಾಗ ಬೀಸುತ್ತಿದ್ದ ಕೈ ಇಳಿಸಿ, "ಮೊದಲ ಗಾಡಿ ನಿಲ್ಲಸು" ಎಂದು ಕೂಗಿದೆ.

ಟೆಂಪೊಗೆ ಹಗ್ಗ ಕಟ್ಟಿ ನಿಪ್ಪಾಣಿಯ ರಫೀಕ್ ಚಾಚಾನ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಚಾಚಾ ಎಂಜಿನ್ ಬಾಗಿಲು ತೆಗೆದು, ಆಯಿಲ್ಲಿನಲ್ಲಿ ತೊಯ್ದ ಏರ್ ಫಿಲ್ಟರ್ ಎತ್ತಿ ಹಿಂಡಿದರು. "ಆಯಿಲ್ ಹೆಚ್ಚ ಹಾಕ್ಯಾರ, ಉಕ್ಕಿ ಇಲ್ಲಿ ತನಕ ಬಂದ ಸುಟ್ಟೈತಿ. ಯಾರು ಹಾಕಿದ್ದು?"

ನಾನು ಕೈ ಎತ್ತಿದೆ.

"ಕಡ್ಡಿ ಯಾವಾಗ ನೋಡಿದಿ?"

"ಮುಂಜಾನೆ. ಎಂಜಿನ್ ತಣ್ಣಗಿದ್ದಾಗ್ರಿ."

"ಮನ್ಯಾಗ ಟ್ರ್ಯಾಕ್ಟರ್ ಐತೇನು?"

"ಐತ್ರಿ."

"ಅದಕ್ಕ. ಇದು ಟ್ರ್ಯಾಕ್ಟರ್ ಅಲ್ಲ ಬೇಟಾ. ಇದರಾಗ ಆಯಿಲ್ಲಿಗಿ ಬ್ಯಾರೆ ಟ್ಯಾಂಕ್ ಐತಿ, ಕಡ್ಡಿ ಇರೂದು ಅದರಾಗ. ರಾತ್ರಿ ಆಯಿಲ್ ಟ್ಯಾಂಕ್‌ದಿಂದ ಇಳದ ಎಂಜಿನ್ನಿನ ಹೊಟ್ಟ್ಯಾಗ ಮಲಗಿರತೈತಿ. ಬಿಸಿ ಆದ ಮ್ಯಾಲ, ಎಂಜಿನ್ ಚಾಲೂ ಇದ್ದಾಗ ನೋಡಬೇಕು. ನಿನ್ನ ಉದ್ಯೋಗ ಏನು?"

"ಆಯಿಲ್ ಅಂಗಡಿ ಐತ್ರಿ."

ಚಾಚಾ ಕನ್ನಡಕ ತೆಗೆದು, ಅಂಗಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

ಎಂಜಿನ್ನಿಗೆ ಏನೂ ಆಗಿರಲಿಲ್ಲ. ಆದರೆ ಹೆಚ್ಚಿನದನ್ನು ಇಳಿಸಿ, ಎಲ್ಲ ಒರೆಸಿ ಮುಗಿಸುವಷ್ಟರಲ್ಲಿ ಹನ್ನೆರಡು ದಾಟಿತ್ತು. ಕೊಲ್ಲಾಪುರದ ಮೇಳ ಸನ್ಮತಿಯಿಲ್ಲದೆ ನಡೆದುಹೋಯಿತು. ಗ್ಯಾರೇಜಿನ ಹೊರಗೆ ಹಳೆಯ ಟೈರಿನ ಮೇಲೆ ಇಬ್ಬರೂ ಕೂತೆವು. ನಾನು ತೆಳ್ಳನೆಯ ಡಬ್ಬಿಯಿಂದ ಹಿಡಿದು ಬೆಳಗಿನ ಆನಂದದವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವನು ಕೈಯ ಜಿಡ್ಡು ಒರೆಸಿಕೊಂಡ.

"ಯಾವ ಆಯಿಲ್ ಹಾಕಬೇಕು, ಕಡ್ಡಿ ಹೆಂಗ ನೋಡಬೇಕು, ಎಲ್ಲಾ ಪುಣೆದ ಅಜ್ಜಾರು ಗಾಡಿ ಕೊಡೂ ಮುಂದನ ಚೀಟಿ ಬರದ ಕೊಟ್ಟಾರ" ಎಂದ.

"ಮತ್ತ ನನ್ನ ಯಾಕ ಕೇಳಿದಿ?"

"ಎರಡ ತಿಂಗಳಾತು. ಊರಿಗಿ ಊರ ಬಂದ ಗಾಡಿ ನೋಡಿ ಹೋತು, ನೀ ಒಬ್ಬ ಬರಲಿಲ್ಲ. ಆಯಿಲ್ ಕೇಳಿದ್ರ ಬರ್ತಿ ಅಂತ ಗೊತ್ತಿತ್ತು, ದಾದಾ. ಇಷ್ಟ ಸುರೀತಿ ಅಂತ ಗೊತ್ತಿರಲಿಲ್ಲ."